ಪರದೆಯಾಚೆಯ ಮನೋಚಿಕಿತ್ಸಕರು: ನಂಬುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರೆಂದೂ, ಅವರಲ್ಲಿ ಕಾಯಿಲೆಯ ಬಗೆಗೆ ಅನುಗುಣವಾಗಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲವೆಂದೂ ದಾಖಲಿಸಿತು. ನೆರವು ಬೇಕಾದವರಿಗೂ ನೆರವು ಪಡೆದವರಿಗೂ ನಡುವಿನ ಈ ಕೊರತೆಯನ್ನು ಸಾರ್ವಜನಿಕ ಆರೋಗ್ಯದ ಪರಿಭಾಷೆಯಲ್ಲಿ ‘ಚಿಕಿತ್ಸಾ ಅಂತರ’ ಎನ್ನಲಾಗುತ್ತದೆ. ತಜ್ಞರ ಸಂಖ್ಯೆಯೇ ಕಡಿಮೆ ಇರುವುದು, ಇರುವವರಲ್ಲಿ ಹೆಚ್ಚಿನವರು ದೊಡ್ಡ ನಗರಗಳಲ್ಲಿ ನೆಲೆಸಿರುವುದು, ಪ್ರಯಾಣದ ಖರ್ಚಿನ ಜೊತೆಗೆ ಒಂದು ದಿನದ ದುಡಿಮೆಯೂ ಕೈಬಿಟ್ಟುಹೋಗುವುದು, ಮನೋವೈದ್ಯರ ಕೊಠಡಿಯ ಮುಂದೆ ಕುಳಿತದ್ದನ್ನು ಪರಿಚಯದವರು ಕಂಡರೆ ಮನೆಯ ಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆ, ಇವೆಲ್ಲ ಸೇರಿ ಈ ಅಂತರವನ್ನು ಹಿಗ್ಗಿಸುತ್ತ ಬಂದಿವೆ. ಮೊಬೈಲ್ ಫೋನಿನ ವಿಡಿಯೊ ಕರೆಯಲ್ಲಿ ದೊರೆಯುವ ಮನೋಚಿಕಿತ್ಸೆಯು ಈ ಅಡೆತಡೆಗಳಲ್ಲಿ ಕೆಲವನ್ನು ನಿಜಕ್ಕೂ ತೆಗೆದುಹಾಕಿದೆ. 2020ರ ಕೋವಿಡ್ ಲಾಕ್‌ಡೌನ್ ಈ ಪದ್ಧತಿಯನ್ನು ಅನಿವಾರ್ಯವಾಗಿಸಿತು, ಆಮೇಲೆ ಅದು ನಿತ್ಯದ ರೂಢಿಯಾಗಿ ನಿಂತಿತು.

ಆದರೆ ಸುಲಭವಾಗಿ ಸಿಗುವುದೆಲ್ಲ ಸರಿಯಾದದ್ದೇ ಆಗಿರಬೇಕೆಂದಿಲ್ಲ. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ವಿವೇಚನೆಯ ಕಸುವೂ ಕುಗ್ಗಿರುತ್ತದೆ. ರಾತ್ರಿ ನಿದ್ದೆ ಬಾರದೆ ಫೋನ್ ಹಿಡಿದು ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಹೆಚ್ಚು ಹಣ ಕೊಟ್ಟು ಜಾಹೀರಾತು ಹಾಕಿದವರ ಹೆಸರೇ ಹೊರತು ಹೆಚ್ಚು ಅರ್ಹತೆಯುಳ್ಳವರ ಹೆಸರಲ್ಲ. ಯೋಗ್ಯ ತಜ್ಞರೂ, ವಾರಾಂತ್ಯದ ಶಿಬಿರವೊಂದರಲ್ಲಿ ಪ್ರಮಾಣಪತ್ರ ಪಡೆದು ಬಂದವರೂ ಒಂದೇ ಅಳತೆಯ ಚೌಕದೊಳಗೆ, ಒಂದೇ ಬಗೆಯ ನಗುಮುಖದ ಚಿತ್ರದೊಡನೆ ಕಾಣಿಸುತ್ತಾರೆ. ಈ ಕಾರಣದಿಂದ, ಚಿಕಿತ್ಸಕರನ್ನು ಪ್ರಶ್ನಿಸುವುದು ಅವಿನಯವೆಂಬ ಸಂಕೋಚವನ್ನು ಬಿಟ್ಟು, ವಿಶ್ವಾಸವಿಡುವುದಕ್ಕೆ ಮೊದಲೇ ಪ್ರಶ್ನೆ ಕೇಳುವುದನ್ನು ಚಿಕಿತ್ಸೆಯ ಮೊದಲ ಹೆಜ್ಜೆಯೆಂದೇ ತಿಳಿಯಬೇಕಾಗಿದೆ. ಏನನ್ನು ಕೇಳಬೇಕು, ಬಂದ ಉತ್ತರವನ್ನು ಹೇಗೆ ತೂಗಿ ನೋಡಬೇಕು ಎಂಬುದು ಪದವಿ ಮತ್ತು ಕಾನೂನುಗಳ ಅಲ್ಪಸ್ವಲ್ಪ ಪರಿಚಯವಿದ್ದರೆ ಮಾತ್ರ ಸ್ಪಷ್ಟವಾಗುತ್ತದೆ.

ದಿನನಿತ್ಯದ ಮಾತಿನಲ್ಲಿ ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಥೆರಪಿಸ್ಟ್, ಕೌನ್ಸೆಲರ್ ಎಂಬ ಹೆಸರುಗಳು ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾಗುತ್ತವಾದರೂ, ಅವುಗಳ ಹಿಂದಿನ ಶಿಕ್ಷಣವೂ ಕಾನೂನು ಹೊರಿಸುವ ಹೊಣೆಯೂ ಬೇರೆ ಬೇರೆ. ಮನೋವೈದ್ಯರು, ಎಂದರೆ ಸೈಕಿಯಾಟ್ರಿಸ್ಟರು, ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದ ವೈದ್ಯರು. ರೋಗವನ್ನು ನಿರ್ಧರಿಸುವ ಮತ್ತು ಔಷಧ ಬರೆದುಕೊಡುವ ಅಧಿಕಾರ ಅವರಿಗಿದ್ದು, ಅವರ ಹೆಸರು ರಾಜ್ಯದ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ಇರಲೇಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳುವ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧ ಬರೆಯುವವರಲ್ಲ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ನಂತರ ಆಸ್ಪತ್ರೆಯ ವಾತಾವರಣದಲ್ಲಿ, ಹಿರಿಯರ ಕಣ್ಗಾವಲಿನಲ್ಲಿ ಎರಡು ವರ್ಷಗಳ ಎಂಫಿಲ್‌ನಂಥ ತರಬೇತಿ ಪಡೆದು, ಮನಶ್ಶಾಸ್ತ್ರೀಯ ಪರೀಕ್ಷೆಗಳನ್ನೂ ಮಾತಿನ ಮೂಲಕ ನಡೆಯುವ ಚಿಕಿತ್ಸೆಯನ್ನೂ ಅವರು ನಿರ್ವಹಿಸುತ್ತಾರೆ. ಭಾರತದಲ್ಲಿ ಇಂಥ ತರಬೇತಿಗೆ ಬುನಾದಿ ಬಿದ್ದದ್ದು ಬೆಂಗಳೂರಿನಲ್ಲೇ: ಮುಂದೆ 1974ರಲ್ಲಿ ನಗರದ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1950ರ ದಶಕದಲ್ಲಿಯೇ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾವನ್ನು ಆರಂಭಿಸಿತ್ತು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಸಮಾಜಕಾರ್ಯದಲ್ಲಿ ಉನ್ನತ ಶಿಕ್ಷಣ ಪಡೆದು ಕುಟುಂಬ, ಉದ್ಯೋಗ, ಪುನರ್ವಸತಿಗಳ ಕಡೆಯಿಂದ ಸಮಸ್ಯೆಯನ್ನು ನೋಡುವವರು. ಮದ್ಯವ್ಯಸನ ಅಥವಾ ದೀರ್ಘಕಾಲದ ಕಾಯಿಲೆಯಿಂದ ನಲುಗಿದ ಮನೆಗಳಿಗೆ ಇವರ ನೆರವು ಎಷ್ಟು ದೊಡ್ಡದೆಂಬುದು ಸಾಕಷ್ಟು ತಿಳಿದಿಲ್ಲದಿರುವುದು ವಿಷಾದದ ಸಂಗತಿ.

ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿಯು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ ನಡೆಯುತ್ತದೆ. ‘ಆರ್‌ಸಿಐ’ ಎಂಬ ಮೊದಲಕ್ಷರಗಳಿಂದ ಪರಿಚಿತವಾದ ಈ ಪರಿಷತ್ತು ಇಡುವ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರಿರುವವರಿಗೆ ಒಂದು ಸಂಖ್ಯೆ ಇರುತ್ತದೆ. ಅದನ್ನು ‘ಸಿಆರ್‌ಆರ್ ಸಂಖ್ಯೆ’ ಎನ್ನುತ್ತಾರೆ. ಇದಲ್ಲದೆ, 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮತ್ತು ಮಾನಸಿಕ ಆರೋಗ್ಯ ಶುಶ್ರೂಷಕರನ್ನು ನೋಂದಾಯಿಸಿ ಪಟ್ಟಿ ಪ್ರಕಟಿಸುವ ಹೊಣೆಯನ್ನು ಆಯಾ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ವಹಿಸಿದೆ. ಹೀಗಿರುವುದರಿಂದ, ವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ಸಂಖ್ಯೆಯನ್ನೂ ಕ್ಲಿನಿಕಲ್ ಸೈಕಾಲಜಿಸ್ಟರಾದರೆ ಸಿಆರ್‌ಆರ್ ಸಂಖ್ಯೆಯನ್ನೂ ಕೇಳಿ ಪಡೆದು, ಆಯಾ ಪರಿಷತ್ತಿನ ನೋಂದಣಿಯಲ್ಲಿ ಹೆಸರು ಹಾಕಿ ನೋಡುವುದು ಐದು ನಿಮಿಷದ ಕೆಲಸ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಔಷಧ ಚೀಟಿಯಲ್ಲೂ ರೋಗಿಯೊಡನೆ ನಡೆಸುವ ವ್ಯವಹಾರದಲ್ಲೂ ತೋರಿಸಲೇಬೇಕೆಂದು ಹೇಳಿದೆ. ಅದೇ ಮಾರ್ಗಸೂಚಿಯ ಪ್ರಕಾರ, ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುವ ಔಷಧಗಳನ್ನು ಹೀಗೆ ದೂರದಿಂದ ಬರೆದುಕೊಡುವುದಕ್ಕೆ ನಿರ್ಬಂಧವಿದೆ. ಆದ್ದರಿಂದ ಒಂದೇ ಕರೆಯಲ್ಲಿ ನಿದ್ರೆಯ ಮಾತ್ರೆ ಕೊಡಿಸುವ ಭರವಸೆ ಎಲ್ಲಿ ಕಂಡರೂ ಅಲ್ಲಿಂದ ಹಿಂದೆ ಸರಿಯುವುದೇ ಕ್ಷೇಮ.

ತೊಡಕಿರುವುದು ‘ಕೌನ್ಸೆಲರ್’ ಅಥವಾ ಆಪ್ತಸಮಾಲೋಚಕ ಎಂಬ ಹೆಸರಿನ ವಿಷಯದಲ್ಲಿ. ಬಹುಕಾಲದಿಂದ ಭಾರತದಲ್ಲಿ ಈ ಹೆಸರನ್ನು ಯಾರು ಬೇಕಾದರೂ ಧರಿಸಬಹುದಾಗಿತ್ತು, ಇದಕ್ಕೆಂದೇ ಪರವಾನಗಿಯ ವ್ಯವಸ್ಥೆ ಇರಲಿಲ್ಲ. 2021ರ ರಾಷ್ಟ್ರೀಯ ಪೂರಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆಯು ಮನಶ್ಶಾಸ್ತ್ರಜ್ಞರು, ಸಮಾಲೋಚಕರು, ಸಮಾಜ ಕಾರ್ಯಕರ್ತರು ಮೊದಲಾದವರನ್ನು ‘ವರ್ತನಾ ಆರೋಗ್ಯ ವಿಜ್ಞಾನ’ದ ವೃತ್ತಿಪರರೆಂದು ತನ್ನ ವ್ಯಾಪ್ತಿಗೆ ತಂದುಕೊಂಡಿದೆಯಾದರೂ, ಅದರನ್ವಯ ರಾಜ್ಯ ಮಂಡಳಿಗಳ ನೋಂದಣಿ ಪೂರ್ಣರೂಪಕ್ಕೆ ಬರುವವರೆಗೆ ಪರಿಶೀಲನೆಯ ಹೊರೆ ನೆರವು ಹುಡುಕುವವರ ಮೇಲೆಯೇ ಉಳಿಯುತ್ತದೆ. ಆರ್‌ಸಿಐ ನೋಂದಣಿ ಇಲ್ಲದವರೆಲ್ಲ ಅನರ್ಹರೆಂದು ತೀರ್ಮಾನಿಸುವುದು ಅನ್ಯಾಯ. ಸಮಾಲೋಚನಾ ಮನಶ್ಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್ಸಿ ಮಾಡಿ, ವರ್ಷಗಟ್ಟಲೆ ಶ್ರದ್ಧೆಯಿಂದ ದುಡಿದ ಸಮರ್ಥರು ಬಹಳ ಮಂದಿ ಇದ್ದಾರೆ, ದಾಂಪತ್ಯದ ಬಿರುಕು, ಪರೀಕ್ಷೆಯ ಭಯ, ಸಾವಿನ ದುಃಖ, ಕೆಲಸದ ಒತ್ತಡದಂಥ ಸಂಗತಿಗಳಲ್ಲಿ ಅವರ ನೆರವು ಸಾಕಾಗುತ್ತದೆ. ಅಂಥವರನ್ನು ಗುರುತಿಸಲು ಇರುವ ಒಂದು ಒಳ್ಳೆಯ ಪ್ರಶ್ನೆಯೆಂದರೆ ಅವರು ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆಂಬುದು. ಚಿಕಿತ್ಸಕರು ತಾವು ನಿರ್ವಹಿಸುತ್ತಿರುವ ಪ್ರಕರಣಗಳನ್ನು, ವ್ಯಕ್ತಿಯ ಗುರುತು ಬಿಟ್ಟುಕೊಡದೆ, ಹಿರಿಯ ಚಿಕಿತ್ಸಕರೊಡನೆ ನಿಯತವಾಗಿ ಚರ್ಚಿಸಿ ತಿದ್ದಿಕೊಳ್ಳುವ ಪದ್ಧತಿಗೆ ಮೇಲ್ವಿಚಾರಣೆ ಎಂದು ಹೆಸರು. ಈ ಪ್ರಶ್ನೆಯಿಂದ ಕಸಿವಿಸಿಗೊಳ್ಳದೆ ನೇರವಾಗಿ ಉತ್ತರಿಸುವವರು ಬಹುಮಟ್ಟಿಗೆ ವೃತ್ತಿಯ ಶಿಸ್ತನ್ನು ಅರಿತವರು. ಲೈಫ್ ಕೋಚ್, ಹೀಲರ್ ಮುಂತಾದ ಹೆಸರುಗಳು ಮಾನಸಿಕ ಕಾಯಿಲೆಗೆ ಚಿಕಿತ್ಸೆ ನೀಡುವ ಅರ್ಹತೆಯನ್ನು ಸೂಚಿಸುವುದಿಲ್ಲ. ಖಿನ್ನತೆಯನ್ನು ಇಂತಿಷ್ಟೇ ದಿನಗಳಲ್ಲಿ ಬೇರುಸಹಿತ ಕೀಳುತ್ತೇವೆ ಎಂಬ ಮಾತು ಯಾವ ಪದವಿಯವರ ಬಾಯಿಂದ ಬಂದರೂ ನಂಬತಕ್ಕದ್ದಲ್ಲ.

ಪರದೆಯ ಮೂಲಕ ನಡೆಯುವ ಮಾತು ಎದುರುಬದುರು ಕುಳಿತ ಮಾತಿನಷ್ಟು ಫಲ ನೀಡೀತೇ ಎಂಬ ಶಂಕೆ ಸಹಜವಾದದ್ದು. ಸಾಮಾನ್ಯ ತೀವ್ರತೆಯ ಖಿನ್ನತೆ ಮತ್ತು ಆತಂಕದ ವಿಷಯದಲ್ಲಿ ಈ ಪ್ರಶ್ನೆಯನ್ನು ಸ್ವೀಡನ್, ಆಸ್ಟ್ರೇಲಿಯಾ, ಅಮೆರಿಕ ಮೊದಲಾದ ದೇಶಗಳ ಸಂಶೋಧಕರು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಪರೀಕ್ಷಿಸಿದ್ದು, ತರಬೇತಾದ ಚಿಕಿತ್ಸಕರು ನಡೆಸಿದಾಗ ಎರಡೂ ವಿಧಾನಗಳ ಫಲ ಹೆಚ್ಚುಕಡಿಮೆ ಸಮವಾಗಿರುತ್ತದೆಂಬ ಕಡೆಗೇ ಆಧಾರಗಳು ವಾಲಿವೆ. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ‘ಸಿಬಿಟಿ’ ಎಂಬ ಪದ್ಧತಿಯನ್ನು ಆಧರಿಸಿದವು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರ ಕೆಲಸದಿಂದ ರೂಪುಗೊಂಡ ಈ ಅರಿವು–ವರ್ತನಾ ಚಿಕಿತ್ಸೆಯು, ‘ನಾನು ಕೈಲಾಗದವನು’, ‘ಇನ್ನೇನೂ ಸರಿಹೋಗದು’ ಎಂಬಂಥ ತಾನಾಗಿ ಮೂಡುವ ಯೋಚನೆಗಳನ್ನು ಹಿಡಿದು ನಿಲ್ಲಿಸಿ, ಅವಕ್ಕೆ ಆಧಾರವೆಷ್ಟಿದೆಯೆಂದು ಪರೀಕ್ಷಿಸುವುದನ್ನೂ, ಬಿಟ್ಟುಹೋದ ಚಟುವಟಿಕೆಗಳನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮತ್ತೆ ಆರಂಭಿಸುವುದನ್ನೂ ಕಲಿಸುತ್ತದೆ. ಎರಡು ಭೇಟಿಗಳ ನಡುವೆ ಮಾಡಬೇಕಾದ ಮನೆಗೆಲಸವೂ ಅದರಲ್ಲಿ ಇರುತ್ತದೆ. ಬಾಲ್ಯದ ಸಂಬಂಧಗಳನ್ನು ಅಗೆದು ನೋಡುವ, ದಂಪತಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಬೇರೆ ಪದ್ಧತಿಗಳೂ ಇವೆ. ಪದ್ಧತಿಯ ಹೆಸರನ್ನು ಉರುಹೊಡೆಯುವುದಕ್ಕಿಂತ, ತನ್ನ ತೊಂದರೆಗೆ ಯಾವುದನ್ನು ಏಕೆ ಆರಿಸಿಕೊಂಡಿದ್ದಾರೆಂದು ಚಿಕಿತ್ಸಕರಿಂದ ಸರಳ ಮಾತಿನಲ್ಲಿ ಹೇಳಿಸಿಕೊಳ್ಳುವುದೇ ಹೆಚ್ಚು ಉಪಯುಕ್ತ.

ಎಲ್ಲ ಸಂಕಟಗಳಿಗೂ ಪರದೆ ತಕ್ಕ ಮಾಧ್ಯಮವಲ್ಲ. ಇಲ್ಲದ ದನಿಗಳು ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಹೂಡಿದ್ದಾರೆಂಬ ದೃಢವಾದ ಶಂಕೆ, ದಿನಗಟ್ಟಲೆ ನಿದ್ದೆಯಿಲ್ಲದ ಅತಿಯಾದ ಉತ್ಸಾಹ, ಊಟವನ್ನೇ ಬಿಟ್ಟು ದೇಹ ಸೊರಗುವುದು, ಮದ್ಯ ಬಿಟ್ಟಾಗ ಬರುವ ನಡುಕ ಮತ್ತು ಭ್ರಮೆ, ಇವುಗಳಿಗೆ ಆಸ್ಪತ್ರೆಯ ನೇರ ಪರೀಕ್ಷೆ ಬೇಕು. ಥೈರಾಯ್ಡ್ ಗ್ರಂಥಿಯ ಏರುಪೇರು, ರಕ್ತಹೀನತೆ ಮುಂತಾದ ದೈಹಿಕ ಕಾರಣಗಳೂ ಮನಸ್ಸಿನ ಬೇಸರ ಹಾಗೂ ಸುಸ್ತಿನ ರೂಪದಲ್ಲಿ ಕಾಣಿಸಿಕೊಳ್ಳುವುದುಂಟಾದ್ದರಿಂದ, ಮೊದಲೊಮ್ಮೆ ವೈದ್ಯರಲ್ಲಿ ತಪಾಸಣೆ ಮಾಡಿಸಿಕೊಳ್ಳುವುದನ್ನು ತಪ್ಪಿಸಬಾರದು. ಬದುಕೇ ಬೇಡವೆಂಬ ಯೋಚನೆ ಬಂದಿರುವಾಗ ಮುಂದಿನ ವಾರದ ಭೇಟಿಗಾಗಿ ಕಾಯುವುದು ಸಲ್ಲದು. 14416 ಎಂಬ ಉಚಿತ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಅಪಾಯ ಕಣ್ಣೆದುರಿಗೇ ಇದ್ದರೆ 112ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಪೊಲೀಸರ ಕಾಟವಾದೀತೆಂದು ಮನೆಯವರು ಇಂಥ ವಿಷಯವನ್ನು ಮುಚ್ಚಿಡುವುದುಂಟು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸಕೂಡದು ಎಂದು 2017ರ ಕಾಯ್ದೆಯ 115ನೆಯ ಸೆಕ್ಷನ್ ಹೇಳುತ್ತದೆಂಬುದು ಪ್ರತಿ ಮನೆಗೂ ತಿಳಿದಿರಬೇಕು.

ಮೇಲೆ ಹೇಳಿದ 14416 ಎಂಬುದು ಟೆಲಿ-ಮಾನಸ್ ಎಂಬ ಸರ್ಕಾರಿ ಸೇವೆಯ ಸಂಖ್ಯೆ. 2022ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷದ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಗೊಂಡ ಈ ಸೇವೆಗೆ ನಿಮ್ಹಾನ್ಸ್ ಕೇಂದ್ರಸ್ಥಾನವಾಗಿದ್ದು, ತಂತ್ರಜ್ಞಾನದ ನೆರವನ್ನು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಒದಗಿಸಿದೆ. ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡದಲ್ಲಿಯೇ ಮಾತಾಡಬಹುದು; ಮೊದಲು ತರಬೇತಿ ಪಡೆದ ಸಮಾಲೋಚಕರು ಆಲಿಸಿ, ಅಗತ್ಯವೆನಿಸಿದರೆ ಮನೋವೈದ್ಯರಿಗೋ ಜಿಲ್ಲೆಯ ಆಸ್ಪತ್ರೆಗೋ ದಾಟಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಇದರ ಮೊಬೈಲ್ ಆ್ಯಪ್ ಹಾಗೂ ವಿಡಿಯೊ ಸಮಾಲೋಚನೆ ಆರಂಭವಾದಾಗ ಮೊದಲಿಗೆ ಆರಿಸಿಕೊಂಡ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಇದನ್ನು ಬಡವರಿಗೆಂದು ಇಟ್ಟ ಎರಡನೆಯ ದರ್ಜೆಯ ಸೇವೆಯೆಂದು ತಿಳಿಯುವುದು ತಪ್ಪು. ಎಲ್ಲಿಂದ ಆರಂಭಿಸಬೇಕೆಂದೇ ತೋಚದವರಿಗೆ ಇದು ಅತ್ಯುತ್ತಮ ಬಾಗಿಲು. ಆದರೆ ವಾರ ವಾರವೂ ಅದೇ ಚಿಕಿತ್ಸಕರೊಡನೆ ತಿಂಗಳುಗಟ್ಟಲೆ ನಡೆಯುವ ಮನೋಚಿಕಿತ್ಸೆಯ ಕೆಲಸವನ್ನು ಒಂದು ಸಹಾಯವಾಣಿ ಮಾಡಲಾರದು. ಅದಕ್ಕೆ ಧಾರವಾಡದ ಡಿಮ್ಹಾನ್ಸ್, ನಿಮ್ಹಾನ್ಸ್, ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಡೆಗೆ ನೋಡಬೇಕು. ಈ ಜಿಲ್ಲಾ ಕಾರ್ಯಕ್ರಮ 1996ರಲ್ಲಿ ದೇಶಕ್ಕೆ ಹರಡಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು.

ಖಾಸಗಿ ವಲಯದಲ್ಲಿ ಎರಡು ದಾರಿಗಳಿವೆ: ಚಿಕಿತ್ಸಕರನ್ನು ನೇರವಾಗಿ ಸಂಪರ್ಕಿಸುವುದು ಒಂದು, ನೂರಾರು ಚಿಕಿತ್ಸಕರನ್ನು ಒಂದೆಡೆ ಸೇರಿಸಿರುವ ಕಂಪನಿಯ ಆ್ಯಪ್ ಮೂಲಕ ಹೋಗುವುದು ಇನ್ನೊಂದು. ಎರಡನೆಯದರಲ್ಲಿ ಸಾಮಾನ್ಯವಾಗಿ ಮೊದಲು ಎದುರಾಗುವುದು ಒಂದು ಪ್ರಶ್ನಾವಳಿ. ‘ಪಿಎಚ್‌ಕ್ಯೂ-9’ ಎಂಬುದು ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬೇಸರ, ನಿದ್ದೆ, ಆಯಾಸ, ಹಸಿವು, ತನ್ನ ಬಗ್ಗೆಯೇ ಕೀಳರಿಮೆ, ಗಮನವಿಡಲಾಗದಿರುವುದು, ಚಲನೆಯ ಜಡತೆ ಅಥವಾ ಚಡಪಡಿಕೆ, ಸಾಯುವ ಯೋಚನೆ ಎಂಬ ಒಂಬತ್ತು ಸಂಗತಿಗಳು ಎಷ್ಟು ಕಾಡಿದವೆಂದು ಅದು ಕೇಳುತ್ತದೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕವಿದ್ದು, ಒಟ್ಟು 27ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರ ಪರೀಕ್ಷೆ ಬೇಕೆಂಬುದು ರೂಢಿಯ ಅಳತೆಗೋಲು. ಇದು ಜರಡಿಯೇ ಹೊರತು ರೋಗನಿರ್ಣಯವಲ್ಲ. ಆ್ಯಪ್ ತೋರಿಸಿದ ಅಂಕವನ್ನೇ ಹಿಡಿದು ‘ತೀವ್ರ ಖಿನ್ನತೆ’ ಎಂಬ ಹಣೆಪಟ್ಟಿ ಹಚ್ಚಿಕೊಳ್ಳುವುದಾಗಲಿ, ಅಂಕ ಕಡಿಮೆ ಬಂತೆಂದು ಸಂಕಟವನ್ನು ಬದಿಗೊತ್ತುವುದಾಗಲಿ ಕೂಡದು. ಇನ್ನು, ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದ ಮೇಲೂ ಮನುಷ್ಯರೊಬ್ಬರು ಕರೆ ಮಾಡಿ ವಿಚಾರಿಸದೆ, ನೇರವಾಗಿ ಹಣ ಪಾವತಿಯ ಪುಟಕ್ಕೆ ಕರೆದೊಯ್ಯುವ ಆ್ಯಪ್‌ನಲ್ಲಿ ಆರೈಕೆಯ ಮೂಲಭೂತ ಪ್ರಜ್ಞೆಯೇ ಇಲ್ಲವೆನ್ನಬೇಕಾಗುತ್ತದೆ.

ಹಣದ ಮಾತನ್ನು ಆರಂಭದಲ್ಲಿಯೇ ಆಡಬೇಕು. ಒಂದು ಭೇಟಿಯ ಅವಧಿ ಸಾಮಾನ್ಯವಾಗಿ 45ರಿಂದ 60 ನಿಮಿಷ. ಶುಲ್ಕ ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರದವರೆಗೂ ಇರುತ್ತದೆ. ಎಷ್ಟು ಭೇಟಿಗಳು ಬೇಕಾಗಬಹುದು, ಭೇಟಿ ತಪ್ಪಿದರೆ ಹಣ ಹೋಗುತ್ತದೆಯೇ, ಆದಾಯಕ್ಕೆ ತಕ್ಕಂತೆ ರಿಯಾಯಿತಿ ಉಂಟೇ ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಹತ್ತಾರು ಭೇಟಿಗಳ ಕಟ್ಟನ್ನು ಮುಂಗಡವಾಗಿ ಕೊಂಡರೆ ರಿಯಾಯಿತಿ ಎಂಬ ಆಮಿಷಕ್ಕೆ ಒಳಗಾಗದೆ, ಮೊದಲ ಎರಡು ಮೂರು ಭೇಟಿಗಳಿಗೆ ಬಿಡಿಬಿಡಿಯಾಗಿ ಪಾವತಿಸುವುದು ಜಾಣತನ. ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಸಿಗಬೇಕೆಂದು 2017ರ ಕಾಯ್ದೆ ವಿಧಿಸಿದೆಯಾದರೂ, ಬಹುಪಾಲು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದ ಖರ್ಚನ್ನಷ್ಟೇ ಭರಿಸುವುದರಿಂದ ವಾರದ ಸಮಾಲೋಚನೆಯ ವೆಚ್ಚ ಕೈಯಿಂದಲೇ ಹೋಗುತ್ತದೆ. ಬೆಂಗಳೂರಿನ ಅನೇಕ ಕಂಪನಿಗಳು ನೌಕರರಿಗೆ ಕೆಲವು ಉಚಿತ ಭೇಟಿಗಳನ್ನು ಒದಗಿಸುತ್ತವೆ. ಅವನ್ನು ಬಳಸುವ ಮುನ್ನ, ಕಂಪನಿಗೆ ತಲುಪುವುದು ಬರಿಯ ಸಂಖ್ಯೆಯೋ ಅಥವಾ ನೌಕರರ ಹೆಸರೂ ಉಂಟೋ ಎಂಬುದನ್ನು ಬರಹದಲ್ಲಿ ತಿಳಿದುಕೊಳ್ಳಬೇಕು.

ಭಾಷೆಯ ಪ್ರಶ್ನೆಯನ್ನು ಈ ಆ್ಯಪ್‌ಗಳು ಹಗುರವಾಗಿ ನೋಡುತ್ತವೆಯೆಂಬುದು ಕನ್ನಡಿಗರ ಮಟ್ಟಿಗೆ ದೊಡ್ಡ ಕೊರತೆ. ಕಚೇರಿಯ ವ್ಯವಹಾರವನ್ನೆಲ್ಲ ಇಂಗ್ಲಿಷಿನಲ್ಲಿ ನಡೆಸುವವರಿಗೂ ತಾಯಿಯ ಸಾವನ್ನು, ಅಣ್ಣತಮ್ಮಂದಿರ ಪಾಲುಪಾರಿಕತ್ತಿನ ಜಗಳವನ್ನು, ಗಂಡನ ಮನೆಯಲ್ಲಿ ನುಂಗಿಕೊಂಡ ಅವಮಾನವನ್ನು ಹೇಳುವ ಹೊತ್ತಿಗೆ ಮನೆಮಾತೇ ಬೇಕಾಗುತ್ತದೆ. ಎದೆ ಹಿಂಡಿದಂತಾಗುತ್ತದೆ, ಹೊಟ್ಟೆಯಲ್ಲಿ ತಳಮಳ, ಕೈಕಾಲಲ್ಲಿ ಬಲವೇ ಇಲ್ಲ ಎಂದು ದೇಹದ ಮೂಲಕವೇ ಸಂಕಟವನ್ನು ಹೇಳುವವರ ಮಾತನ್ನು ಚಿಕಿತ್ಸಕರು ಭಾಷಾಂತರದ ನೆರವಿಲ್ಲದೆ ಗ್ರಹಿಸಬಲ್ಲವರಾಗಿರಬೇಕು. ಚಿಕಿತ್ಸಕರ ಪರಿಚಯದಲ್ಲಿ ‘ಕನ್ನಡ’ ಎಂದು ಬರೆದಿರುವುದಷ್ಟೇ ಸಾಲದು. ಅಂಗಡಿಯಲ್ಲಿ ಆಡುವಷ್ಟು ಕನ್ನಡವೋ, ಚಿಕಿತ್ಸೆಯನ್ನೇ ನಡೆಸಬಲ್ಲಷ್ಟು ಕನ್ನಡವೋ ಎಂಬುದು ಮೊದಲ ಹತ್ತು ನಿಮಿಷದ ಮಾತಿನಲ್ಲಿ ತಿಳಿದುಬಿಡುತ್ತದೆ. ಭಾಷೆಯಷ್ಟೇ ಮುಖ್ಯವಾದದ್ದು ಬದುಕಿನ ಪರಿಚಯ. ಕೂಡುಕುಟುಂಬದ ಸೊಸೆಗೆ ‘ಬೇರೆ ಮನೆ ಮಾಡಿಬಿಡಿ’ ಎಂದು ಮೊದಲ ದಿನವೇ ಹೇಳುವ, ಜಾತಿಯ ಕಾರಣಕ್ಕೆ ಹಾಸ್ಟೆಲಿನಲ್ಲಿ ನೊಂದ ವಿದ್ಯಾರ್ಥಿಯ ಅನುಭವವನ್ನು ‘ಅತಿಯಾದ ಸೂಕ್ಷ್ಮತೆ’ ಎಂದು ತಳ್ಳಿಹಾಕುವ, ಸಲಿಂಗಾಸಕ್ತಿಯನ್ನು ‘ಸರಿಪಡಿಸುತ್ತೇನೆ’ ಎನ್ನುವ ಚಿಕಿತ್ಸಕರು ಯಾವ ಪದವಿ ಹೊತ್ತಿದ್ದರೂ ಗಾಯವನ್ನು ಇನ್ನಷ್ಟು ಆಳ ಮಾಡುತ್ತಾರೆ.

ಗೋಪ್ಯತೆಯ ವಿಷಯದಲ್ಲಿ ಮೊದಲ ತೊಡಕು ಇರುವುದು ಮನೆಯೊಳಗೇ. ಎರಡು ಕೋಣೆಯ ಮನೆಯಲ್ಲಿ ಅತ್ತೆ ಮಾವ, ಮಕ್ಕಳ ನಡುವೆ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡುವುದೇ ಅನೇಕರಿಗೆ ಅಸಾಧ್ಯ. ಇಯರ್‌ಫೋನ್ ಹಾಕಿಕೊಂಡರೆ ಚಿಕಿತ್ಸಕರ ದನಿ ಹೊರಗೆ ಕೇಳಿಸದು, ಆದರೆ ಮಾತಾಡುವವರ ದನಿ ಕೇಳಿಸಿಯೇ ಕೇಳಿಸುತ್ತದೆ. ಮಹಡಿಯ ಮೇಲೆ ಹೋಗಿಯೋ, ನಿಂತ ಕಾರಿನೊಳಗೆ ಕುಳಿತೋ, ಮನೆಯವರು ಹೊರಗೆ ಹೋದ ಹೊತ್ತನ್ನು ನೋಡಿಕೊಂಡೋ ಭೇಟಿ ನಡೆಸುವವರಿದ್ದಾರೆ. ಬಾಗಿಲ ಹೊರಗೆ ಫ್ಯಾನನ್ನೋ ರೇಡಿಯೊವನ್ನೋ ಹಾಕಿಟ್ಟರೆ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಯಾರಾದರೂ ಒಳಬಂದಾಗ ಮಾತನ್ನು ಬೇರೆಡೆಗೆ ತಿರುಗಿಸಲು ಮೊದಲೇ ಒಂದು ಗುರುತಿನ ಮಾತನ್ನು ಗೊತ್ತು ಮಾಡಿಕೊಳ್ಳುವುದು ಅನುಭವಿ ಚಿಕಿತ್ಸಕರ ಪದ್ಧತಿ. ಹಿಂಸೆ ನೀಡುವವರು ಅದೇ ಮನೆಯಲ್ಲಿದ್ದು, ಫೋನನ್ನೂ ಅವರೇ ತೆಗೆದು ನೋಡುವಂತಿದ್ದರೆ ವಿಡಿಯೊ ಚಿಕಿತ್ಸೆ ಅಪಾಯಕಾರಿಯೇ ಆಗಬಹುದಾದ್ದರಿಂದ, ಅಂಥವರಿಗೆ ಆಸ್ಪತ್ರೆಯ ಅಥವಾ ಮಹಿಳಾ ಸಹಾಯ ಕೇಂದ್ರದ ನೇರ ಭೇಟಿಯೇ ಸುರಕ್ಷಿತ.

ಎರಡನೆಯ ತೊಡಕು ಕಂಪನಿಗಳ ಕಡೆಯದು. ಅಮೆರಿಕದಲ್ಲಿ 2013ರಲ್ಲಿ ಹುಟ್ಟಿ, ಆನ್‌ಲೈನ್ ಚಿಕಿತ್ಸೆಯ ಅತಿ ದೊಡ್ಡ ಕಂಪನಿಗಳಲ್ಲೊಂದಾಗಿ ಬೆಳೆದ ಬೆಟರ್‌ಹೆಲ್ಪ್, ಮಾಹಿತಿಯನ್ನು ಗುಟ್ಟಾಗಿ ಇಡುವುದಾಗಿ ಮಾತು ಕೊಟ್ಟಿದ್ದರೂ, ಬಳಕೆದಾರರ ಇಮೇಲ್ ವಿಳಾಸ ಮತ್ತು ಪ್ರಶ್ನಾವಳಿಗೆ ನೀಡಿದ ಉತ್ತರಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಜಾಹೀರಾತಿನ ಉದ್ದೇಶಕ್ಕಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೊದಲಾದ ಕಂಪನಿಗಳಿಗೆ ಕೊಟ್ಟಿತೆಂದು ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ತಪ್ಪನ್ನು ಒಪ್ಪಿಕೊಳ್ಳದೆಯೇ ಕಂಪನಿಯು 78 ಲಕ್ಷ ಡಾಲರ್ ನೀಡುವ ರಾಜಿಗೆ ಒಪ್ಪಿತು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆಯಿಲ್ಲದೆ ಮಾಹಿತಿಯನ್ನು ಬಳಸದಂತೆಯೂ, ಒಪ್ಪಿಗೆಯನ್ನು ಹಿಂಪಡೆಯುವ ಹಾಗೂ ಮಾಹಿತಿಯನ್ನು ಅಳಿಸಿಹಾಕುವಂತೆ ಕೇಳುವ ಹಕ್ಕು ವ್ಯಕ್ತಿಗೆ ಇರುವಂತೆಯೂ ವಿಧಿಸಿದೆ. ಆದರೂ ಆ್ಯಪ್ ತೆರೆದಾಗ ಸಂಪರ್ಕ ಪಟ್ಟಿಯನ್ನೂ ಸ್ಥಳದ ಮಾಹಿತಿಯನ್ನೂ ನೋಡಲು ಅನುಮತಿ ಕೇಳಿದರೆ ನಿರಾಕರಿಸುವುದು, ಚಿಕಿತ್ಸೆಗೆಂದೇ ಬೇರೆ ಇಮೇಲ್ ಇಟ್ಟುಕೊಳ್ಳುವುದು, ಭೇಟಿಯನ್ನು ಧ್ವನಿಮುದ್ರಿಸಲಾಗುತ್ತದೆಯೇ ಎಂದು ಕೇಳುವುದು ಅವರವರೇ ವಹಿಸಬೇಕಾದ ಎಚ್ಚರ. ಚಿಕಿತ್ಸಕರು ಗುಟ್ಟು ಕಾಯುವುದಕ್ಕೂ ಮಿತಿಗಳಿವೆ: ವ್ಯಕ್ತಿಯ ಅಥವಾ ಬೇರೆಯವರ ಪ್ರಾಣಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದಾಗ ಅವರು ಮಾತನ್ನು ಹೊರಗೆ ಒಯ್ಯಬೇಕಾಗುತ್ತದೆ. ಒಳ್ಳೆಯ ಚಿಕಿತ್ಸಕರು ಇದನ್ನು ಮೊದಲ ಭೇಟಿಯಲ್ಲಿಯೇ ತಾವಾಗಿ ವಿವರಿಸುತ್ತಾರೆ. ವ್ಯಕ್ತಿ ಆ ಹೊತ್ತಿಗೆ ಕುಳಿತಿರುವ ವಿಳಾಸವನ್ನೂ, ತುರ್ತಿನಲ್ಲಿ ಕರೆ ಮಾಡಬಹುದಾದ ಒಬ್ಬ ಆಪ್ತರ ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳುತ್ತಾರೆ.

ಇತ್ತೀಚೆಗೆ ಮನುಷ್ಯ ಚಿಕಿತ್ಸಕರ ಬದಲಿಗೆ ಯಂತ್ರದೊಡನೆಯೇ ಮಾತಾಡುವವರ ಸಂಖ್ಯೆ ಹೆಚ್ಚುತ್ತಿದೆ. ಇದು ತೀರ ಹೊಸದೇನಲ್ಲ. 1966ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ರೂಪಿಸಿದ ‘ಎಲೈಜಾ’ ಎಂಬ ಸರಳ ಕಂಪ್ಯೂಟರ್ ಪ್ರೋಗ್ರಾಂ, ಎದುರಿನವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿದ್ದುದಷ್ಟಾದರೂ, ಜನ ಅದರ ಮುಂದೆ ಮನಸ್ಸು ಬಿಚ್ಚಿಕೊಂಡದ್ದನ್ನು ಕಂಡು ಅದನ್ನು ಸೃಷ್ಟಿಸಿದವರೇ ಕಳವಳಗೊಂಡರು. ಇಂದಿನ ಚಾಟ್‌ಬಾಟ್‌ಗಳು ನಡುರಾತ್ರಿಯಲ್ಲೂ ಉತ್ತರಿಸುತ್ತವೆ, ಉಸಿರಾಟದ ಅಭ್ಯಾಸವನ್ನೋ ದಿನಚರಿ ಬರೆಯುವುದನ್ನೋ ಹೇಳಿಕೊಡಲು ಉಪಯೋಗಕ್ಕೂ ಬರುತ್ತವೆ. ಆದರೆ ಬಳಸುವವರ ಮಾತಿಗೆ ತಲೆದೂಗುವ ಒಲವು ಅವುಗಳಲ್ಲಿರುವುದರಿಂದ ತಪ್ಪು ನಂಬಿಕೆಯನ್ನು ಗಟ್ಟಿಗೊಳಿಸುವ ಅಪಾಯವಿದೆ, ಹಾನಿಯಾದರೆ ಹೊಣೆ ಹೊರುವವರೂ ಇಲ್ಲ. ಕೃತಕ ಬುದ್ಧಿಮತ್ತೆಯ ಮೂಲಕ ಮನೋಚಿಕಿತ್ಸೆ ನೀಡುವುದನ್ನು ಅಮೆರಿಕದ ಇಲಿನಾಯ್ ರಾಜ್ಯವು 2025ರಲ್ಲಿ ಕಾನೂನಿನಿಂದಲೇ ನಿಷೇಧಿಸಿದ್ದಕ್ಕೆ ಇಂಥ ಕಾರಣಗಳಿವೆ.

ವಿದೇಶಗಳಲ್ಲಿ ನೆಲೆಸಿದ ಕನ್ನಡಿಗರು ಊರಿನ ಚಿಕಿತ್ಸಕರನ್ನು ಬಯಸುವುದು ಅರ್ಥವಾಗುವಂಥದ್ದೇ. ಆದರೆ ಅಮೆರಿಕದಲ್ಲಿ ಪರವಾನಗಿ ರಾಜ್ಯವಾರು ಇದ್ದು, ಚಿಕಿತ್ಸೆ ಪಡೆಯುವವರು ಯಾವ ನೆಲದಲ್ಲಿದ್ದಾರೋ ಆ ನೆಲದ ಕಾನೂನು ಅನ್ವಯಿಸುವುದರಿಂದ, ಬೆಂಗಳೂರಿನ ಚಿಕಿತ್ಸಕರು ಅಲ್ಲಿರುವವರಿಗೆ ಚಿಕಿತ್ಸೆ ನೀಡಲು ಸಾಮಾನ್ಯವಾಗಿ ಅಧಿಕಾರ ಹೊಂದಿರುವುದಿಲ್ಲ, ತುರ್ತಿನಲ್ಲಿ ಅಲ್ಲಿಯ ವ್ಯವಸ್ಥೆಯನ್ನು ಕರೆಯುವುದೂ ಅವರಿಗೆ ಕಷ್ಟ. ಅಲ್ಲಿಯೇ ಪರವಾನಗಿ ಪಡೆದ ಕನ್ನಡ ಬಲ್ಲ ಚಿಕಿತ್ಸಕರನ್ನು ಹುಡುಕುವುದು ಮೇಲು. ಬ್ರಿಟನ್ನಿನಲ್ಲಿ ಎಚ್‌ಸಿಪಿಸಿ, ಆಸ್ಟ್ರೇಲಿಯಾದಲ್ಲಿ ಎಎಚ್‌ಪಿಆರ್‌ಎ ಎಂಬ ಸಂಸ್ಥೆಗಳ ಪಟ್ಟಿಯಲ್ಲಿ ಮನಶ್ಶಾಸ್ತ್ರಜ್ಞರ ಹೆಸರನ್ನು ಪರಿಶೀಲಿಸಬಹುದು.

ಅರ್ಹತೆ, ಭಾಷೆ, ಶುಲ್ಕ ಎಲ್ಲವೂ ಸರಿಯಿದ್ದಾಗಲೂ ಜೋಡಿ ಹೊಂದದಿರುವುದುಂಟು. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಎಂಬ ಮನಶ್ಶಾಸ್ತ್ರಜ್ಞರು, ಚಿಕಿತ್ಸೆಯ ಗುರಿಯ ಬಗ್ಗೆ ಇಬ್ಬರ ಒಪ್ಪಿಗೆ, ಅದಕ್ಕಾಗಿ ಮಾಡುವ ಕೆಲಸದ ಬಗ್ಗೆ ಒಪ್ಪಿಗೆ ಮತ್ತು ಪರಸ್ಪರ ವಿಶ್ವಾಸದ ನಂಟು ಎಂಬ ಮೂರು ಎಳೆಗಳಿಂದ ‘ಚಿಕಿತ್ಸಾ ಮೈತ್ರಿ’ ಏರ್ಪಡುತ್ತದೆಂದು ವಿವರಿಸಿದರು; ಪದ್ಧತಿ ಯಾವುದೇ ಆಗಿರಲಿ, ಈ ಮೈತ್ರಿ ಗಟ್ಟಿಯಾಗಿದ್ದಷ್ಟೂ ಫಲ ಹೆಚ್ಚೆಂಬುದನ್ನು ನಂತರದ ಸಂಶೋಧನೆಗಳು ಮತ್ತೆ ಮತ್ತೆ ಕಂಡುಕೊಂಡಿವೆ. ಮೂರ್ನಾಲ್ಕು ಭೇಟಿಗಳಾದ ಮೇಲೆ, ಮಾತು ಕೇಳಿಸಿಕೊಂಡರೆಂಬ ಅನಿಸಿಕೆ ಬಂದಿದೆಯೇ, ಎಲ್ಲಿಗೆ ಹೋಗುತ್ತಿದ್ದೇವೆಂಬುದು ತಿಳಿಯುತ್ತಿದೆಯೇ, ಹೇಳಲಾಗದ್ದನ್ನು ಹೇಳುವ ಧೈರ್ಯ ಕಿಂಚಿತ್ತಾದರೂ ಹುಟ್ಟಿದೆಯೇ ಎಂದು ತನ್ನನ್ನೇ ಕೇಳಿಕೊಳ್ಳಬಹುದು. ಚಿಕಿತ್ಸೆಯ ನಡುವೆ ಅಳು ಬರುವುದು, ಕೆಲವು ದಿನ ಮನಸ್ಸು ಇನ್ನಷ್ಟು ಭಾರವಾಗುವುದು ಸಹಜವಾದ್ದರಿಂದ ಅದನ್ನೇ ವಿಫಲತೆಯೆಂದು ತಿಳಿಯಬೇಕಾಗಿಲ್ಲ. ಅತೃಪ್ತಿಯನ್ನು ಚಿಕಿತ್ಸಕರೆದುರಿಗೇ ಹೇಳುವುದು ಮೊದಲ ಕೆಲಸ. ಹೇಳಿದ ಮೇಲೂ ಸರಿಹೋಗದಿದ್ದರೆ ಬೇರೊಬ್ಬರನ್ನು ಹುಡುಕುವುದರಲ್ಲಿ ದ್ರೋಹವೇನೂ ಇಲ್ಲ. ಮನೋವೈದ್ಯರು ಬರೆದ ಔಷಧವನ್ನು ತಾನೇ ನಿಲ್ಲಿಸಿಬಿಡುವಂತೆ ವೈದ್ಯರಲ್ಲದವರು ಹೇಳಿದರೆ, ತಮ್ಮ ಸ್ವಂತ ಕಷ್ಟಗಳನ್ನೇ ಹೇಳಿಕೊಳ್ಳುತ್ತಿದ್ದರೆ, ಪೂಜೆ ಅಥವಾ ಹರಳಿನ ಮಾರಾಟಕ್ಕಿಳಿದರೆ, ಭೇಟಿಯ ಹೊರಗೆ ಸ್ನೇಹ ಅಥವಾ ಪ್ರಣಯದ ಸಲುಗೆಗೆ ಮುಂದಾದರೆ ಅಲ್ಲಿಗೇ ನಿಲ್ಲಿಸಬೇಕು.

ಹೊಸ ಚಿಕಿತ್ಸಕರ ಬಳಿ ಹೋಗುವಾಗ ಹಿಂದಿನ ದಾಖಲೆಗಳನ್ನು ಕೇಳಿ ಪಡೆಯಬಹುದು. ತನ್ನ ಮೂಲಭೂತ ವೈದ್ಯಕೀಯ ದಾಖಲೆಗಳನ್ನು ನೋಡುವ ಹಕ್ಕನ್ನು 2017ರ ಕಾಯ್ದೆಯ 25ನೆಯ ಸೆಕ್ಷನ್ ನೀಡುತ್ತದೆ. ಮೋಸ ಅಥವಾ ದುರ್ವರ್ತನೆ ನಡೆದಿದ್ದರೆ ದೂರು ಸಲ್ಲಿಸುವ ಜಾಗವು ಚಿಕಿತ್ಸಕರ ನೋಂದಣಿಯನ್ನು ಅವಲಂಬಿಸುತ್ತದೆ: ವೈದ್ಯರ ವಿರುದ್ಧ ರಾಜ್ಯ ವೈದ್ಯಕೀಯ ಪರಿಷತ್ತು, ಕ್ಲಿನಿಕಲ್ ಸೈಕಾಲಜಿಸ್ಟರ ವಿರುದ್ಧ ಪುನರ್ವಸತಿ ಪರಿಷತ್ತು, ಮಾನಸಿಕ ಆರೋಗ್ಯ ಸಂಸ್ಥೆಗಳ ಸೇವಾಲೋಪದ ಬಗ್ಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ ಮತ್ತು ರಾಜ್ಯ ಪ್ರಾಧಿಕಾರ ಇವೆ. ಯಾವ ನೋಂದಣಿಯೂ ಇಲ್ಲದವರ ವಿರುದ್ಧ ವೃತ್ತಿಯ ಶಿಸ್ತುಕ್ರಮ ಕೈಗೊಳ್ಳುವವರೇ ಇರುವುದಿಲ್ಲವಾದ್ದರಿಂದ, ಅಪರಾಧದ ಸ್ವರೂಪದ್ದಾದರೆ ಪೊಲೀಸರಲ್ಲಿಗೂ, ಸೇವೆಯ ಕೊರತೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬೇಕಾಗುತ್ತದೆ, ಅಲ್ಲಿ ಹಣ ಪಾವತಿಸಿದ ರಸೀದಿಯೂ ಭೇಟಿ ಗೊತ್ತುಪಡಿಸಿಕೊಂಡ ಸಂದೇಶಗಳ ಪ್ರತಿಯೂ ಸಾಕ್ಷ್ಯವಾಗುತ್ತವೆ.